ಥೇಮ್ಸ್ ದಂಡೆಯಲ್ಲಿ ನಡೆದು ಉಗಮದವರೆಗೆ

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ. ಮೇ ತಿಂಗಳಿನಿಂದ ಮೂರು ತಿಂಗಳು ಲಂಡನ್ನಿನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಥೇಮ್ಸ್ ನದಿಯ ದಂಡೆಯಲ್ಲೇ ಅದರ ಉಗಮದವರೆಗೆ ಕಾಲುದಾರಿ ಇದೆಯಂತೆ. ದಿನವೂ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವ ನನ್ನಂಥವರಿಗೆ ಅದು ಸಾಧ್ಯವೇ? ಟೆಂಟ್ ಹೊತ್ತು ಹೋಗಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಸಾಧ್ಯ. ಲಂಡನ್ನಿನ ಪೂರ್ವದಲ್ಲಿರುವ ಥೇಮ್ಸ್ ಬ್ಯಾರಿಯರ್ ಎಂಬ ಪ್ರವಾಹ ತಡೆಗೋಡೆಯಿಂದ ಕೆಂಬಲ್ ಎಂಬ ಹಳ್ಳಿಯ ಬಳಿಯ ಉಗಮದವರೆಗೆ 184 ಮೈಲಿ, ಅಂದರೆ ಸುಮಾರು 296 ಕಿಲೋಮೀಟರ್ ಉದ್ದದ ಈ ದಾರಿ 1996ರಲ್ಲಿ ರಾಷ್ಟ್ರೀಯ ಕಾಲುಹಾದಿಯಾಗಿ ತೆರೆಯಿತು. ಏರು ಇಲ್ಲವೆನ್ನುವಷ್ಟು ಕಡಿಮೆ. ಓಕ್ ಮರದ ಕಾಯಿಯ ಚಿತ್ರವಿರುವ ಕಂಬಗಳನ್ನು ನೋಡುತ್ತ ಹೋದರೆ ದಾರಿ ತಪ್ಪುವ ಭಯವೂ ಅಷ್ಟಾಗಿ ಇಲ್ಲ.

ಒಂದೇ ಏಟಿಗೆ ಮುಗಿಸುವ ಹಟವನ್ನು ಮಾತ್ರ ಬಿಡಿ. ಸ್ಟೇನ್ಸ್, ವಿಂಡ್ಸರ್, ಮೇಡನ್‌ಹೆಡ್, ಹೆನ್ಲಿ, ರೆಡಿಂಗ್, ಗೋರಿಂಗ್ ಹೀಗೆ ಆಕ್ಸ್‌ಫರ್ಡ್‌ವರೆಗಿನ ಹೆಚ್ಚಿನ ಊರುಗಳಲ್ಲಿ ರೈಲು ನಿಲ್ದಾಣವಿರುವುದರಿಂದ, ಬೆಳಿಗ್ಗೆ ಹೋಗಿ ಹದಿನೈದು ಕಿಲೋಮೀಟರ್ ನಡೆದು ರಾತ್ರಿಯೂಟಕ್ಕೆ ಮಗಳ ಮನೆಗೆ ಮರಳಬಹುದು. ಟೆಂಟಿನ ಮಾತೇ ಬೇಡ. ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯರ ಅನುಮತಿಯಿಲ್ಲದೆ ಎಲ್ಲೆಂದರಲ್ಲಿ ಬಿಡಾರ ಹೂಡುವಂತಿಲ್ಲ. ನಿಜವಾದ ಯೋಜನೆ ಬೇಕಾಗುವುದು ಆಕ್ಸ್‌ಫರ್ಡ್ ದಾಟಿದ ಮೇಲೆ. ಅಲ್ಲಿಂದ ಮುಂದಿನ 80 ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ, ಕೆಂಬಲ್ ತಲುಪುವವರೆಗೆ, ಹತ್ತಿರದಲ್ಲಿ ರೈಲಿಲ್ಲ, ಅಂಗಡಿಗಳೂ ವಿರಳ. ಲೆಚ್‌ಲೇಡ್, ಕ್ರಿಕ್‌ಲೇಡ್‌ಗಳಲ್ಲಿ ಮೊದಲೇ ಕೋಣೆ ಕಾಯ್ದಿರಿಸಿ, ಬುತ್ತಿ ಕಟ್ಟಿಕೊಂಡೇ ಹೊರಡಿ.

ವಿಚಿತ್ರವೆಂದರೆ ಕಾಲಿಗೆ ಹೆಚ್ಚು ದಣಿವಾಗುವುದು ಲಂಡನ್ನಿನೊಳಗೇ, ಏಕೆಂದರೆ ಅಲ್ಲಿ ನೆಲವೆಲ್ಲ ಕಲ್ಲುಹಾಸು. ಆದರೂ ಆ ಭಾಗವನ್ನು ಬಿಡಬೇಡಿ. ದಕ್ಷಿಣ ದಂಡೆಯಲ್ಲಿ ಲ್ಯಾಂಬೆತ್ ಸೇತುವೆಯ ಬಳಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ದಾರಿಯ ಪಕ್ಕದಲ್ಲೇ ಇದೆ. ಹೊಳೆಯಾಚೆಗೆ ಪಾರ್ಲಿಮೆಂಟು ಕಾಣುತ್ತದೆ. ಟೆಡಿಂಗ್‌ಟನ್‌ವರೆಗೆ ಸಮುದ್ರದ ಉಬ್ಬರವಿಳಿತ ನುಗ್ಗುವುದರಿಂದ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ರಿಚ್‌ಮಂಡ್ ಕಡೆಯ ಕಾಲುದಾರಿಯ ಮೇಲೆ ನೀರು ಬರುತ್ತದೆ. ಉಬ್ಬರದ ಹೊತ್ತು ನೋಡಿಕೊಂಡು ಹೊರಡಿ.

ಟೆಡಿಂಗ್‌ಟನ್ನಿನಿಂದ ಮೇಲಕ್ಕೆ ನದಿಯ ಸ್ವಭಾವವೇ ಬೇರೆ. ಅಲ್ಲಿಂದ ಲೆಚ್‌ಲೇಡ್‌ವರೆಗೆ 44 ಲಾಕ್‌ಗಳು, ಅಂದರೆ ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗಳು, ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದಿವೆ. ಒಂದೆಡೆ ಅರ್ಧ ಗಂಟೆ ಕುಳಿತು ನೋಡಿ: ದೋಣಿ ಒಳಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತದೆ, ಮೇಲಿನ ನೀರು ಸದ್ದು ಮಾಡುತ್ತ ನುಗ್ಗುತ್ತದೆ, ಕೆಳಗಿದ್ದ ದೋಣಿಯವರ ಮುಖ ಮೆಲ್ಲಗೆ ನಮ್ಮ ಮಟ್ಟಕ್ಕೇರಿ ಬರುತ್ತದೆ.

ಪ್ರಶ್ನೆ: ಇದು ನದಿಯ ದಾರಿಯಾದರೂ ಕೆಲವೆಡೆ ನದಿಯನ್ನೇ ಬಿಟ್ಟು ಊರೊಳಗೆ ಸುತ್ತುವುದೇಕೆ? ಉಗಮ ನಮ್ಮ ತಲಕಾವೇರಿಯಂತಿದೆಯೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಹಿಂದೆ ಸರಕಿನ ದೋಣಿಗಳನ್ನು ಕುದುರೆಗಳು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದವು. ಈಗಿನ ಕಾಲುದಾರಿಯ ಬಹುಭಾಗ ಆ ಕುದುರೆಗಳದೇ ಹಾದಿ. ದಂಡೆಯ ಜಮೀನುದಾರರು ಒಪ್ಪದ ಕಡೆ ಹಾದಿ ಆಚೆ ದಡಕ್ಕೆ ಜಿಗಿಯುತ್ತಿತ್ತು. ಕುದುರೆಯನ್ನೂ ದೋಣಿಯಲ್ಲೇ ದಾಟಿಸುತ್ತಿದ್ದರು. ದಾಟಿಸುವ ದೋಣಿಗಳು ನಿಂತುಹೋದ ಮೇಲೆ ನಡೆಯುವವರಿಗೆ ಸುತ್ತು ಬಳಸು ಅನಿವಾರ್ಯವಾಯಿತು.

ತಲಕಾವೇರಿಯ ಕುಂಡಿಕೆ, ಗುಡಿ, ತೀರ್ಥೋದ್ಭವದ ಜನಸಂದಣಿ ಯಾವುದನ್ನೂ ಅಲ್ಲಿ ನಿರೀಕ್ಷಿಸಬೇಡಿ. ಹುಲ್ಲುಗಾವಲಿನಲ್ಲೊಂದು ಮರ, ಅದರಡಿ ಒಂದು ಬರಹದ ಕಲ್ಲು, ಸುತ್ತ ಚದುರಿದ ಜಲ್ಲಿ, ಅಷ್ಟೇ. ಬೇಸಿಗೆಯಲ್ಲಿ ಹನಿ ನೀರೂ ಇರುವುದಿಲ್ಲ. ಸಲಿಕೆ ಹಿಡಿದು ಒರಗಿರುವ ‘ಫಾದರ್ ಥೇಮ್ಸ್’ ಶಿಲ್ಪವೊಂದು ಕೆಲಕಾಲ ಅಲ್ಲಿತ್ತು. 1974ರಲ್ಲಿ ಅದನ್ನೂ ಲೆಚ್‌ಲೇಡ್‌ನ ಸೇಂಟ್ ಜಾನ್ಸ್ ಲಾಕ್‌ಗೆ ಸಾಗಿಸಿದರು. ನನ್ನ ಮಟ್ಟಿಗೆ, ಲಂಡನ್ನಿನಲ್ಲಿ ಹಡಗು ಹೊತ್ತ ಹೊಳೆ ಕ್ರಿಕ್‌ಲೇಡ್ ದಾಟಿದ ಮೇಲೆ ಹಾರಿ ದಾಟುವಷ್ಟು ಸಣ್ಣ ತೋಡಾಗುವುದನ್ನು ಕಾಣುವುದೇ ಮೇಲ್ಮುಖವಾಗಿ ನಡೆಯುವುದರ ಲಾಭ. ಕಲ್ಲಿನಿಂದ ಕೆಂಬಲ್ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ನಡಿಗೆ; ಅಲ್ಲಿಂದ ಲಂಡನ್ನಿನ ಪ್ಯಾಡಿಂಗ್ಟನ್‌ಗೆ ನೇರ ರೈಲಿದೆ.