ಓದುಗರ ಪ್ರಶ್ನೆ: ನಗರಸಭೆಯ ಬಿಲ್ ಯಾವ ಲೆಕ್ಕದಲ್ಲಿ ಪಾಸಾಗುತ್ತದೆ?

ಪ್ರಶ್ನೆ: ಈ ಸಲ ಮೊದಲ ಬಾರಿಗೆ ನಗರಸಭೆ ಸದಸ್ಯೆಯಾಗಿದ್ದೇನೆ. ಪರಿಸರಕ್ಕಾಗಿ ಏನಾದರೂ ಗಟ್ಟಿ ಕೆಲಸ ಮಾಡುವ ಆಸೆ. ಆದರೆ ಅದಕ್ಕೆಂದು ತೆಗೆದಿಟ್ಟ ಹಣ ತೀರಾ ಕಡಿಮೆ. ಸಸಿ ನೆಡುವ ಕಾರ್ಯಕ್ರಮ, ಒಂದು ಜಾಥಾ, ಅಷ್ಟಕ್ಕೇ ಮುಗಿದುಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲಿಗೆ ಅಭಿನಂದನೆ. ಆ ಸಣ್ಣ ಮೊತ್ತದ ಚಿಂತೆ ಸದ್ಯಕ್ಕೆ ಬಿಡಿ. ಕಸ, ರಸ್ತೆ, ಚರಂಡಿ, ನೀರು, ಬೀದಿದೀಪ – ನಗರಸಭೆಯ ದೊಡ್ಡ ದುಡ್ಡು ಹೋಗುವುದು ಇವಕ್ಕೆ. ಊರಿನ ಗಾಳಿ, ನೀರು, ಮರ ಉಳಿಯುವುದೂ ಕೆಡುವುದೂ ಇವುಗಳಿಂದಲೇ. ಹಾಗಾಗಿ ಗುತ್ತಿಗೆಯ ಕಡತಗಳನ್ನು ತರಿಸಿಕೊಂಡು ಓದಿ. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗುತ್ತಿಗೆದಾರರ ಈ ಬಿಲ್ ಯಾವ ಲೆಕ್ಕದಲ್ಲಿ ಪಾಸಾಗುತ್ತದೆ?

ನಾನು ಬಹಳ ವರ್ಷ ನಗರದ ಕಾಮಗಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವಳು. ಬಿಲ್ಲು ಯಾವುದಕ್ಕೋ ಕೆಲಸವೂ ಅದಕ್ಕೇ ಅನ್ನುವುದನ್ನು ದಿನಾ ನೋಡಿದ್ದೇನೆ. ಒಮ್ಮೆ ರಸ್ತೆ ಬದಿಯ ಸಸಿಗಳು ಸಾಲಾಗಿ ಒಣಗಿದ್ದವು. ಒಂದನ್ನು ಹಿಡಿದು ಮೇಲೆತ್ತಿದೆ. ಸಲೀಸಾಗಿ ಕೈಗೆ ಬಂತು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ಬೇರುಗಳು ಅದರೊಳಗೇ ಸುತ್ತಿ ಸುತ್ತಿ ಗಂಟಾಗಿದ್ದವು. ಪಕ್ಕದ್ದೂ ಹಾಗೆಯೇ. ಮಾಡಿದ ಕೆಲಸದ ಲೆಕ್ಕ ಬರೆದಿಡುವ ಅಳತೆ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿ. ಒಪ್ಪಂದದಲ್ಲಿ ಬರೆದದ್ದು ‘ನೆಟ್ಟ ಸಸಿಗೆ ಇಷ್ಟು’ ಎಂದು. ಬದುಕಿದ ಸಸಿಗೆ ಎಂದು ಎಲ್ಲೂ ಬರೆದಿರಲಿಲ್ಲ. ನೆಟ್ಟ ದಿನ ಸ್ವಲ್ಪ ಭಾಗ ಕೊಟ್ಟು, ಉಳಿದದ್ದನ್ನು ಮೂರು ವರ್ಷ ಬದುಕಿರುವ ಗಿಡ ಎಣಿಸಿ ಕೊಡುತ್ತೇವೆ ಎಂದು ಒಪ್ಪಂದದಲ್ಲಿ ಬರೆಸಿ. ನೀರು ಹಾಕುವವರು, ಬೇಲಿ ಕಟ್ಟುವವರು ತಾವಾಗೇ ಬರುತ್ತಾರೆ.

ಯಾವ ಗಿಡ ಎನ್ನುವುದನ್ನೂ ಕೇಳಿ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಸಭೆ 2012ರಲ್ಲಿ ಒಂದು ನಿಯಮ ಹಾಕಿಕೊಂಡಿತು. ಊರಿನ ಮರಗಳಲ್ಲಿ ಒಂದೇ ಜಾತಿಯವು ನೂರಕ್ಕೆ 5ಕ್ಕಿಂತ ಜಾಸ್ತಿ ಇರಬಾರದು. ರೋಗವೋ ಕೀಟವೋ ಬಂದರೆ ಇಡೀ ಬೀದಿ ಬೋಳಾಗಬಾರದಲ್ವಾ, ಅದಕ್ಕೆ. ಇನ್ನು ಪಾದಚಾರಿ ದಾರಿಗೆ ಟೈಲ್ಸ್ ಹಾಕುವ ಗುತ್ತಿಗೆಯಲ್ಲಿ ಮರದ ಬುಡಕ್ಕೆ ಎಷ್ಟು ಜಾಗ ಬಿಡಬೇಕೆಂದು ಅಳತೆ ಬರೆಸಿ. ಬರೆಯದೇ ಹೋದರೆ ಸಿಮೆಂಟು ಕಾಂಡದವರೆಗೂ ಬರುತ್ತದೆ. ಆಮೇಲೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ.

ಕಸದ ಗುತ್ತಿಗೆಯನ್ನು ಇನ್ನೂ ಹುಷಾರಾಗಿ ಓದಿ. ಸುರಿಯುವ ಜಾಗಕ್ಕೆ ಸಾಗಿಸಿದ ಟನ್ನಿನ ಲೆಕ್ಕದಲ್ಲಿ ಹಣ ಕೊಡುತ್ತಿದ್ದರೆ, ಕಸ ಕಡಿಮೆಯಾದಷ್ಟೂ ಗುತ್ತಿಗೆದಾರರಿಗೆ ನಷ್ಟ. ಹಸಿ ಕಸವೇ ಭಾರ. ಅದನ್ನು ಬೇರೆ ಮಾಡಿ ಗೊಬ್ಬರಕ್ಕೆ ಕಳಿಸಿ ಅಂದರೆ ಯಾರು ಕೇಳುತ್ತಾರೆ? ಆ ಹಸಿ ಕಸ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಎಂಬ ಉರಿಯುವ ಅನಿಲ ಬಿಡುತ್ತದೆ. ಗುಡ್ಡೆಗೆ ಬೆಂಕಿ ಹತ್ತಿದರೆ ಸುಲಭಕ್ಕೆ ಆರದಿರುವುದಕ್ಕೆ ಅದೂ ಒಂದು ಕಾರಣ. ಕೆಳಗೆ ಇಳಿಯುವ ಕಪ್ಪು ನೀರು ಅಂತರ್ಜಲಕ್ಕೆ ಸೇರುತ್ತದೆ. ಎಷ್ಟು ಮನೆಗಳಿಂದ ಕಸವನ್ನು ಬೇರ್ಪಡಿಸಿ ತಂದರು ಎಂಬ ಲೆಕ್ಕದಲ್ಲಿ ಹಣ ಕೊಡಿ, ಬೆರಕೆ ಕಸ ತಂದರೆ ಕಡಿತ ಮಾಡಿ. ಗಾಡಿಯಲ್ಲಿ ಎರಡು ಭಾಗ ಇದೆಯಾ ಅಂತ ಕಣ್ಣಾರೆ ನೋಡಿ. ಜನ ಬೇರೆ ಮಾಡಿ ಕೊಟ್ಟದ್ದನ್ನು ಅವರೆದುರೇ ಒಂದೇ ಕಡೆ ಸುರಿದರೆ, ಮತ್ತೆ ಅವರು ಬೇರೆ ಮಾಡುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಇಡೀ ಊರಲ್ಲಿ ಒಂದೇ ದಿನ ಶುರು ಮಾಡಬೇಡಿ. ಇಟಲಿಯ ಮಿಲಾನ್ 2012ರಿಂದ 2014ರವರೆಗೆ ಒಂದೊಂದೇ ಭಾಗ ಹಿಡಿದುಕೊಂಡು ಮನೆ ಮನೆಯಿಂದ ಹಸಿ ಕಸ ಸಂಗ್ರಹಿಸುವುದನ್ನು ಇಡೀ ನಗರಕ್ಕೆ ವಿಸ್ತರಿಸಿತು. ದಕ್ಷಿಣ ಕೊರಿಯಾಕ್ಕೂ ಕಾಲ ಬೇಕಾಯಿತು. 1995ರಲ್ಲಿ ಕಸ ಹಾಕುವ ಚೀಲದ ಗಾತ್ರಕ್ಕೆ ತಕ್ಕ ಶುಲ್ಕ ಬಂತು. 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಹೂಳುವುದು ನಿಂತಿತು. 2013ರಲ್ಲಿ ಆ ಕಸಕ್ಕೂ ಹಾಕಿದಷ್ಟಕ್ಕೆ ಶುಲ್ಕ ಬಂತು. ಒಂದು ಅವಧಿಯಲ್ಲಿ ಎಲ್ಲ ಆಗಲಿಲ್ಲವೆಂದು ನೀವು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಪ್ರತಿ ಮಳೆಗೂ ನಮ್ಮ ಬೀದಿಯಲ್ಲಿ ನೀರು ನಿಲ್ಲುತ್ತದೆ. ಚರಂಡಿಯನ್ನು ಇನ್ನೂ ಅಗಲ ಮಾಡಿ ಕಾಂಕ್ರೀಟ್ ಹಾಕಿಸಿ ಎಂದು ಒತ್ತಾಯಿಸೋಣವೇ?

ಉತ್ತರ: ಹೂಳು ತೆಗೆಸಿ ಎಂದು ಮೊದಲು ಒತ್ತಾಯಿಸಿ, ಅದೂ ಮಳೆಗಾಲಕ್ಕೆ ಮುಂಚೆ. ತೆಗೆದ ಹೂಳನ್ನು ಚರಂಡಿಯ ದಡದಲ್ಲೇ ಬಿಟ್ಟರೆ ಮೊದಲ ಮಳೆಗೇ ವಾಪಸ್ ಒಳಗೆ ಹೋಗುತ್ತದೆ. ಅಗಲ ಮಾಡುವುದರಿಂದ ನಿಮ್ಮ ಬೀದಿಯ ನೀರು ಬೇಗ ಓಡಿ ತಗ್ಗಿನ ಬೀದಿಗೆ ಹೋಗಿ ನಿಲ್ಲಬಹುದು. ಅಲ್ಲಿಯೂ ಜನ ಇದ್ದಾರಲ್ಲ. ನೀರಿಗೆ ನಿಲ್ಲಲು, ಇಂಗಲು ಜಾಗ ಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ 2011ರ ಜುಲೈ 2ರಂದು ಕೆಲವೇ ಗಂಟೆಗಳ ಭಾರೀ ಮಳೆಗೆ ಮುಳುಗಿತು. ಮರುವರ್ಷವೇ ನಗರಸಭೆ ಯೋಜನೆ ಮಾಡಿ, ಪಾರ್ಕು ಮತ್ತು ರಸ್ತೆಗಳನ್ನೇ ಮಳೆನೀರು ತಡೆಯುವ ಜಾಗಗಳಾಗಿ ಬದಲಿಸಲು ಹೊರಟಿತು. ಅಲ್ಲಿನ ಎಂಘಾವೆ ಪಾರ್ಕ್ ಒಂದರಲ್ಲೇ 22,600 ಘನ ಮೀಟರ್ ನೀರು ಹಿಡಿಯುತ್ತದೆ. ಉಳಿದ ದಿನ ಮಕ್ಕಳು ಅಲ್ಲೇ ಆಡುತ್ತಾರೆ. ನಿಮ್ಮ ಬೀದಿಯ ಹತ್ತಿರ ತಗ್ಗಾದ ಪಾರ್ಕೋ ಮೈದಾನವೋ ಇದ್ದರೆ ಮೊದಲು ಅದನ್ನು ತೋರಿಸಿ.

ಪ್ರಶ್ನೆ: ನಾವು ಸಾಮಾನ್ಯ ಜನ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ನಮ್ಮ ಮಾತು ಯಾರು ಕೇಳುತ್ತಾರೆ?

ಉತ್ತರ: ‘ಪರಿಸರ ಕಾಪಾಡಿ’ ಎಂದು ಬರೆದ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸುಲಭ. ಒಂದು ಬೀದಿ, ಒಂದು ಕೆಲಸ, ಒಂದು ಷರತ್ತು ಎಂದು ಬರೆಯಿರಿ: ‘ಈ ರಸ್ತೆಯ ಟೆಂಡರಿನಲ್ಲಿ ಇಂಥ ಮರಗಳ ಬುಡಕ್ಕೆ ಜಾಗ ಬಿಡುವ ಷರತ್ತು ಸೇರಿಸಿ.’ ನಿಮ್ಮ ಸದಸ್ಯರಿಗೂ ಒಂದು ಪ್ರತಿ ಕೊಡಿ. ಹೊತ್ತು ಮಾತ್ರ ತಪ್ಪಬಾರದು. ಬಜೆಟ್ ಸಿದ್ಧವಾಗುವ ತಿಂಗಳುಗಳಲ್ಲಿ, ಟೆಂಡರ್ ಕರೆಯುವ ಮೊದಲೇ ಹೋಗಿ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಒಳ್ಳೆಯ ಅಧಿಕಾರಿಗೂ ಹೊಸ ಷರತ್ತು ಸೇರಿಸುವುದು ಬಹಳ ಕಷ್ಟ.