ನಂಬರ್ ಬಿಡಿ, ನೆಕ್ ಬಿಚ್ಚಿ ನೋಡಿ

ಈ ಸಲ ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ‘ಸೀರಿಯಲ್ ನಂಬರ್ ಕಳಿಸಿದ್ದೇನೆ, ಯಾವ ವರ್ಷದ ಗಿಟಾರ್ ಅಂತ ಹೇಳಿ ಸರ್.’ ನಾನು ಗಿಟಾರ್ ರಿಪೇರಿ ಮಾಡುವವನು, ಗಿಳಿಶಾಸ್ತ್ರ ಹೇಳುವವನಲ್ಲ. ಪ್ರತಿ ತಿಂಗಳೂ ಇದನ್ನೇ ಓದಿ ತಲೆ ಕೆಟ್ಟಿದೆ. ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ಹೇಳಿಬಿಡುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ಹಳೆಯ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಮಾರುತ್ತಿದ್ದಾರೆ. ನೆಕ್‌ನ (ಗಿಟಾರಿನ ಉದ್ದ ಹಿಡಿಕೆಯ) ಹಿಂದೆ ‘ಮೇಡ್ ಇನ್ ಜಪಾನ್’ ಅಂತಿದೆ. ನಂಬರ್ ಇ4ರಿಂದ ಶುರುವಾಗುತ್ತದೆ. ಹಾಗಾಗಿ 1984ರದ್ದು, ವಿಂಟೇಜ್ ಬೆಲೆಯೇ ಕೊಡಬೇಕು ಅನ್ನುತ್ತಾರೆ. ತಗೊಳ್ಳಬಹುದಾ?

ಮಾರುವವರು ಅಮೆರಿಕದ ಪಂಚಾಂಗ ಹಿಡಿದು ಜಪಾನಿನ ಜಾತಕ ಬರೆದಿದ್ದಾರೆ. ಅಮೆರಿಕದಲ್ಲಿ ತಯಾರಾದ ಫೆಂಡರ್‌ನಲ್ಲಿ ಇ ಅಂದರೆ ಎಂಬತ್ತರ ದಶಕ, ಪಕ್ಕದ 4 ಸೇರಿದರೆ 1984. ಅಲ್ಲೂ ಕೆಲವು ವರ್ಷ ಆಚೀಚೆ ಆಗುವುದುಂಟು. ಜಪಾನಿನ ಲೆಕ್ಕವೇ ಬೇರೆ. ಇ ಜೊತೆಗೆ ಆರು ಅಂಕಿ ಇರುವ ನಂಬರ್ ಅಲ್ಲಿ 1984ರಿಂದ 1987ರವರೆಗೆ ನಡೆಯಿತು. ಮೊದಲ ಅಂಕಿಗೂ ವರ್ಷಕ್ಕೂ ಸಂಬಂಧವಿಲ್ಲ, ಅದು ಬರೀ ಎಣಿಕೆ. ನಿಮ್ಮದು 1987ರದ್ದೂ ಆಗಿರಬಹುದು.

ಫೆಂಡರ್ ಜಪಾನ್ ಶುರುವಾದದ್ದು 1982ರಲ್ಲಿ. ಫೆಂಡರ್ ಜೊತೆ ಕಾಂಡಾ ಶೋಕಾಯ್, ಯಮಾನೋ ಗಕ್ಕಿ ಎಂಬ ಎರಡು ಜಪಾನಿ ಕಂಪನಿಗಳು ಸೇರಿದ್ದವು. ಮೊದಮೊದಲು ಗಿಟಾರ್ ಮಾಡಿಕೊಟ್ಟದ್ದು ಮಾತ್ಸುಮೋಟೋದ ಫುಜಿಗೆನ್. ಸಂಗ್ರಹಕಾರರು ಮುಗಿಬೀಳುವುದು 1982ರಿಂದ 84ರ ನಡುವಿನ, ಜೆವಿ ಎಂದು ಶುರುವಾಗುವ ನಂಬರ್‌ಗಳಿಗೆ. ನಿಮ್ಮದು ಆಮೇಲಿನದು. ಕೆಟ್ಟದ್ದು ಅಂತಲ್ಲ. ಆದರೆ ಜೆವಿಯ ಬೆಲೆ ಕೇಳಿದರೆ ಕೊಡಬೇಡಿ.

ಇಷ್ಟೆಲ್ಲ ಆ ನೆಕ್ ನಿಜವಾಗಿ ಅದೇ ಗಿಟಾರಿನದ್ದಾಗಿದ್ದರೆ ಮಾತ್ರ. ನಂಬರ್ ಇರುವುದು ನೆಕ್ ಮೇಲೆ. ಬಾಡಿ ಎಲ್ಲಿಯದು? ನಾಲ್ಕು ಸ್ಕ್ರೂ ಬಿಚ್ಚಿದರೆ ಯಾವ ನೆಕ್ ಬೇಕಾದರೂ ಯಾವ ಬಾಡಿಗೆ ಬೇಕಾದರೂ ಕೂರುತ್ತದೆ. ಅದೂ ಅಲ್ಲದೆ ಆ ನಂಬರ್ ಒಂದು ತೆಳು ಸ್ಟಿಕ್ಕರ್. ಅಂಥ ಸ್ಟಿಕ್ಕರ್ ಮಾಡಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ನಾನೂ ಒಮ್ಮೆ ಬಿದ್ದಿದ್ದೇನೆ. ಹದಿನೈದು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಹತ್ತಿರ ನಂಬರ್ ನೋಡಿ, ಎರಡು ಹಾಡು ನುಡಿಸಿ, ದುಡ್ಡು ಎಣಿಸಿ ಕೊಟ್ಟು ಬಂದೆ. ಮನೆಯಲ್ಲಿ ನೆಕ್ ಬಿಚ್ಚಿದರೆ ನಾಲ್ಕು ತೂತಿನ ಪಕ್ಕ ಇನ್ನೆರಡು ತೂತು. ಹಲ್ಲುಕಡ್ಡಿ ತುರುಕಿ, ಫೆವಿಕಾಲ್ ಹಾಕಿ, ಮೇಲೆ ಕಾಫಿಪುಡಿ ಬಣ್ಣ ಬಳಿದಿದ್ದರು. ಬಾಡಿ ಪ್ಲೈವುಡ್. ಅದಿನ್ನೂ ನನ್ನ ಅಂಗಡಿಯ ಗೋಡೆ ಮೇಲಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮಾರುವವರ ಎದುರೇ ನೆಕ್ ಬಿಚ್ಚಿ. ತಂತಿ ಸಡಿಲಿಸಿ ಬಿಚ್ಚಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ? ಬಿಚ್ಚಲು ಬಿಡುವುದಿಲ್ಲ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನೆಕ್‌ನ ಬುಡದಲ್ಲೋ ಅದು ಕೂರುವ ಗುಂಡಿಯಲ್ಲೋ ಮಾಡೆಲ್‌ನ ಮುದ್ರೆ ಇದೆಯಾ ನೋಡಿ. ಎಲ್ಲದರಲ್ಲೂ ಇರುವುದಿಲ್ಲ, ಇದ್ದರೆ ಅದೃಷ್ಟ. ಜಪಾನಿನವರು ಎಸ್‌ಟಿ57-65, ಎಸ್‌ಟಿ62-115 ಅಂತ ಹೆಸರಿಡುತ್ತಿದ್ದರು. ಕೊನೆಯ ಅಂಕಿ ಆಗಿನ ಬೆಲೆ, ಸಾವಿರ ಯೆನ್ ಲೆಕ್ಕದಲ್ಲಿ. 65 ಅಂದರೆ 65 ಸಾವಿರ, 115 ಅಂದರೆ ಒಂದು ಲಕ್ಷದ 15 ಸಾವಿರ. ಒಂದೇ ವರ್ಷ, ಒಂದೇ ಬಣ್ಣ, ಆದರೆ ಒಳಗಿನ ಮಾಲು ಬೇರೆ. ಅಗ್ಗದ್ದಕ್ಕೆ ಸಾಮಾನ್ಯವಾಗಿ ಬಾಸ್‌ವುಡ್ ಮರದ ಬಾಡಿ, ಬೆರಳುಗುರು ಗಾತ್ರದ ಪುಟ್ಟ ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಣೆಯ ಕೆಳಗಿನ ಬಿಡಿಭಾಗ). ದುಬಾರಿಯದಕ್ಕೆ ಆಲ್ಡರ್ ಮರ, ದೊಡ್ಡ ಪಾಟ್. ವರ್ಷಕ್ಕಿಂತ ಇದೇ ಮುಖ್ಯ. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆಮೇಲೆ ಬಾಡಿ ಮೇಲಿನ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್ ಎತ್ತಿ ಒಳಗಿನ ವೈರುಗಳ ಬೆಸುಗೆ ನೋಡಿ. ಹಳೆಯದು ಮಂಕಾಗಿರುತ್ತದೆ. ಹೊಸ ಬೆಸುಗೆ ಬೆಳ್ಳಿಯಂತೆ ಮಿಂಚುತ್ತಿದ್ದರೆ ಏನು ಬದಲಾಯಿಸಿದ್ದೀರಿ ಅಂತ ಕೇಳಿ. ಜ್ಯಾಕಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಎತ್ತಿ, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಒಂದೊಂದಾಗಿ ಆರಿಸಿ ಮಲ್ಟಿಮೀಟರ್ ಹಿಡಿಯಿರಿ. ಸ್ಟ್ರಾಟೋಕ್ಯಾಸ್ಟರ್‌ನ ಪಿಕಪ್ ಸುಮಾರು 5ರಿಂದ 7 ಕಿಲೋಓಮ್ ತೋರಿಸಬೇಕು. ಅದಕ್ಕಿಂತ ತೀರಾ ಜಾಸ್ತಿ ಬಂದರೆ ಒಳಗಿನ ಕೂದಲೆಳೆಯಂಥ ತಾಮ್ರದ ತಂತಿ ತುಂಡಾಗಿದೆ.

ನೆಕ್ ಕೂರಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ‘ಟಕ್’ ಅಂತ ಸಣ್ಣಗೆ ಕೆಳಗಿಳಿಯುತ್ತದೆ. ಹಳೇ ಮರೆ (ಸ್ಕ್ರೂ ಕೊರೆದ ಸುತ್ತು, ಥ್ರೆಡ್) ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಇಲ್ಲದಿದ್ದರೆ ಮರದಲ್ಲಿ ಹೊಸ ಮರೆ ಕೊರೆದು ತೂತು ಹಾಳು ಮಾಡುತ್ತೀರಿ.

ಶ್ರುತಿ ಮಾಡಿ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೆಯದರಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಸಂದು ಇದ್ದರೆ ಸರಿ. ಅದಕ್ಕಿಂತ ತುಂಬಾ ಹೆಚ್ಚಿದ್ದು, ನೆಕ್‌ನ ಬಾಗು ಸರಿಮಾಡುವ ಒಳಗಿನ ಕಬ್ಬಿಣದ ಸರಳಿನ (ಟ್ರಸ್ ರಾಡ್) ನಟ್ಟು ಆಗಲೇ ಪೂರ್ತಿ ಬಿಗಿದಿದ್ದರೆ ಬಿಟ್ಟುಬಿಡಿ. ಆ ನೆಕ್ ಸರಿ ಮಾಡುವ ಖರ್ಚಿಗೆ ಹೊಸ ಗಿಟಾರ್ ಬರುತ್ತದೆ. ನೆಕ್‌ಗೆ ಬಿಸಿ ಕೊಟ್ಟು ಒಂದೇ ದಿನದಲ್ಲಿ ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಸುಮ್ನೆ ಹೋಗಬೇಡಿ. ಮಳೆಗಾಲ ಬಂದಾಗ ಅದು ಮತ್ತೆ ನನ್ನ ಟೇಬಲ್ ಮೇಲಿರುತ್ತದೆ.

ಪ್ರಶ್ನೆ: 70ರ ದಶಕದ ಗ್ರೆಕೋ, ಅಮೆರಿಕದ ಗಿಬ್ಸನ್ ಆಕಾರದ ಜಪಾನಿ ಗಿಟಾರ್. ‘ಲಾಸೂಟ್ ಗಿಟಾರ್, ಗಿಬ್ಸನ್ ಕೇಸ್ ಹಾಕಿದ್ದು ಇದರ ಮೇಲೆಯೇ’ ಅಂತ ಬೆಲೆ ಜಾಸ್ತಿ ಹೇಳುತ್ತಿದ್ದಾರೆ.

ಕಟ್ಟುಕಥೆ. 1977ರಲ್ಲಿ ಗಿಬ್ಸನ್‌ನ ಒಡೆಯ ಕಂಪನಿ ನಾರ್ಲಿನ್, ಅಮೆರಿಕದಲ್ಲಿ ಐಬನೇಜ್ ಎಂಬ ಜಪಾನಿ ಗಿಟಾರ್ ಮಾರುತ್ತಿದ್ದ ಎಲ್ಗರ್ ಕಂಪನಿ ಮೇಲೆ ಫಿಲಡೆಲ್ಫಿಯಾದಲ್ಲಿ ಕೇಸ್ ಹಾಕಿತು. ಜಗಳ ಹೆಡ್‌ಸ್ಟಾಕ್‌ನ, ಅಂದರೆ ತಂತಿ ಬಿಗಿಯುವ ತಲೆಯ ಆಕಾರದ ಬಗ್ಗೆ. ಅಷ್ಟು ಹೊತ್ತಿಗೆ ಐಬನೇಜ್ ಆ ಆಕಾರ ಬದಲಾಯಿಸಿಯೂ ಆಗಿತ್ತು. ಕೊನೆಗೆ ಕೋರ್ಟಿನ ಹೊರಗೇ ರಾಜಿಯಾಯಿತು. ಗ್ರೆಕೋ ಆ ಕೇಸಿನಲ್ಲಿ ಇರಲೇ ಇಲ್ಲ. ಗಿಟಾರ್ ಚೆನ್ನಾಗಿದ್ದರೆ ಗಿಟಾರಿಗೆ ದುಡ್ಡು ಕೊಡಿ, ಕೋರ್ಟು ಕಥೆಗೆ ಬೇಡ.

ಪ್ರಶ್ನೆ: ಅಜ್ಜನ ಕಾಲದ ‘ಗಿವ್ಸನ್’ ಸಿಕ್ಕಿದೆ. ಎಷ್ಟು ಲಕ್ಷ ಬರಬಹುದು?

ಗಿವ್ಸನ್ ಕೋಲ್ಕತ್ತದ್ದು. ಅಮೆರಿಕದ್ದು ಗಿಬ್ಸನ್. ಅಕ್ಷರ ಇನ್ನೊಮ್ಮೆ ಓದಿ.

ಪ್ರಶ್ನೆ: ಮಾರುವ ಮೊದಲು ಹೊಸ ಬಣ್ಣ ಹೊಡೆಸಿದರೆ ಬೆಲೆ ಏರುತ್ತದಾ?

ಇಳಿಯುತ್ತದೆ. ಒರೆಸಬೇಕಾದರೆ ಒಣ ಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆಯೂ ಬೇಡ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಭಾವ 60ರ ದಶಕದ ಶುರುವಿನ ಗಿಬ್ಸನ್ ತರುತ್ತಾರಂತೆ. ಕಸ್ಟಮ್ಸ್ ಸುಂಕ ಬಿಟ್ಟರೆ ಬೇರೆ ತೊಂದರೆ ಇದೆಯಾ?

ಇದೆ. ಆ ಕಾಲದ ಗಿಬ್ಸನ್‌ಗಳಲ್ಲಿ ಬೆರಳೊತ್ತುವ ಪಟ್ಟಿ, ಅಂದರೆ ಫ್ರೆಟ್‌ಬೋರ್ಡ್ ಹೆಚ್ಚಾಗಿ ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಅದು ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಗಿಟಾರ್ ಅಲ್ಲೇ ಉಳಿದೀತು. ನಮ್ಮ ಮಲೆನಾಡಿನ ಬೀಟೆಗೆ ಇಷ್ಟು ಕಷ್ಟವಿಲ್ಲ, ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ. ಆದರೆ ಎರಡನ್ನೂ ಬರಿಗಣ್ಣಲ್ಲಿ ಬೇರೆ ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಭಾವನಿಗೆ ಹೇಳಿ, ಟಿಕೆಟ್‌ಗೆ ಮುಂಚೆ ಕಾಗದಪತ್ರ ಮಾಡಿಸಲಿ. ಲಗೇಜಿಗೆ ಹಾಕುವುದಂತೂ ಬೇಡವೇ ಬೇಡ. ಗಿಬ್ಸನ್‌ನ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ, ಬಿದ್ದರೆ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪುಟ್ಟ ಪಟ್ಟಿ) ಹಿಂದೆಯೇ ಮುರಿಯುತ್ತದೆ. ಈಗಾಗಲೇ ಮುರಿದು ಅಂಟಿಸಿದ್ದಾರಾ ಅಂತ ಅಲ್ಲಿಯೇ ಟಾರ್ಚ್ ಹಿಡಿದು ನೋಡಲಿ. ಕೂದಲಿನಷ್ಟು ಗೆರೆ ಕಂಡರೂ ಅರ್ಧ ಬೆಲೆಗೆ ಚೌಕಾಸಿ ಮಾಡಲಿ.

ಪ್ರಶ್ನೆ: ಮುಂದಿನಿಂದ ತೆಗೆದ ಫೋಟೋ ಕಳಿಸಿದ್ದೇನೆ. ಅಸಲಿಯಾ ನಕಲಿಯಾ ಹೇಳಿ.

ನೆಕ್ ಬಿಚ್ಚಿದ ಫೋಟೋ ಕಳಿಸಿ.