ಕೇಳಿ, ಮಾತಾಡೋಣ: ಸಮಿತಿ ಇದ್ದರೂ ಆಕೆ ಅಲೆಯುವುದು ಯಾಕೆ?

ಮಹಿಳೆಯರ ಮೇಲಿನ ಹಿಂಸೆ ತಡೆಯಲು ಇಲಾಖೆಗಳು, ಸಂಸ್ಥೆಗಳು ಒಟ್ಟಾಗಿ ಕೆಲಸ ಮಾಡುವ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ದೌರ್ಜನ್ಯ ತಡೆಯುವ ಸಮನ್ವಯ ಸಮಿತಿಗೆ ನನ್ನನ್ನು ಸದಸ್ಯೆಯಾಗಿ ಹಾಕಿದ್ದಾರೆ. ಪೊಲೀಸ್, ಆರೋಗ್ಯ, ಶಿಕ್ಷಣ, ಕಾನೂನು ನೆರವು, ಒಂದೆರಡು ಸ್ವಯಂಸೇವಾ ಸಂಸ್ಥೆ, ಎಲ್ಲರೂ ಇದ್ದಾರೆ. ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಇಲಾಖೆಯ ಅಂಕಿಅಂಶ ಓದುತ್ತಾರೆ. ನಡಾವಳಿಗೆ ಸಹಿ ಆಗುತ್ತದೆ, ಮುಗಿಯಿತು. ಹೊಡೆತ ತಿಂದ ಹೆಣ್ಣುಮಗಳು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿಲ್ಲ. ಈ ಸಮಿತಿಯಿಂದ ನಿಜವಾಗಿ ಏನಾದರೂ ಮಾಡಿಸಬಹುದಾ?
— ಸಮಿತಿ ಸದಸ್ಯೆ

ಉತ್ತರ: ಮಾಡಿಸಬಹುದು, ಖಂಡಿತ. ಮುಂದಿನ ಸಭೆಗೆ ಅಂಕಿಅಂಶದ ಜೊತೆ ಒಂದೇ ಒಂದು ಪ್ರಕರಣದ ಕಾಗದಗಳನ್ನೂ ತರಿಸಿ. ಆಕೆಯ ಒಪ್ಪಿಗೆ ಪಡೆದು, ಹೆಸರು ವಿಳಾಸ ಮುಚ್ಚಿ ತರಲಿ. ಯಾಕೆ ಅಂತ ಹೇಳುತ್ತೇನೆ.

ನಾನು ಬಹಳ ವರ್ಷ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಅಲ್ಲಿಗೆ ಬಂದ ಒಬ್ಬಾಕೆಯ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಮೂರು ಕಾಗದ. ಆಸ್ಪತ್ರೆ ಚೀಟಿಯಲ್ಲಿ ‘ಜಾರಿ ಬಿದ್ದು ಮುಂಗೈಗೆ ಪೆಟ್ಟು’ ಎಂದಿತ್ತು. ಠಾಣೆಯವರು ಕೊಟ್ಟ ಹಿಂಬರಹದಲ್ಲಿ ‘ಗಂಡ ಹೆಂಡತಿ ಜಗಳ, ಬುದ್ಧಿ ಹೇಳಿ ಕಳಿಸಲಾಗಿದೆ’ ಎಂದಿತ್ತು. ವಕೀಲರು ಬರೆದ ಅರ್ಜಿಯಲ್ಲಿ ಜೀವನಾಂಶದ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರನ್ನೂ ಓದಿದವರು ಇವು ಮೂವರು ಬೇರೆ ಬೇರೆ ಹೆಂಗಸರ ಕಾಗದ ಅಂದುಕೊಳ್ಳಬೇಕು, ಹಾಗಿತ್ತು. ಆಮೇಲೆ ಆಕೆ ಹೇಳಿದ್ದು ಇದ್ಯಾವುದರಲ್ಲೂ ಇರಲಿಲ್ಲ. ಗಂಡ ಕುತ್ತಿಗೆ ಹಿಸುಕಿದ್ದ. ಎಚ್ಚರ ತಪ್ಪಿ ಬಿದ್ದಾಗಲೇ ಮುಂಗೈಗೆ ಪೆಟ್ಟಾಗಿದ್ದು. “ಯಾರೂ ಕೇಳಲಿಲ್ಲ ಮೇಡಂ, ಅದಕ್ಕೇ ಹೇಳಲಿಲ್ಲ” ಅಂದಳು.

ಕುತ್ತಿಗೆ ಹಿಸುಕಿದ್ದನ್ನು ಉಳಿದ ಹೊಡೆತಗಳ ಲೆಕ್ಕಕ್ಕೆ ಸೇರಿಸಿ ಬಿಡಬಾರದು. ಮುಂದೆ ಕೊಲೆಯಾಗುವ ಅಪಾಯ ಎಷ್ಟಿದೆ ಎಂದು ಅಳೆಯಲು ಅಮೆರಿಕದ ನರ್ಸ್, ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಹೊಡೆತ ಜಾಸ್ತಿಯಾಗುತ್ತಿದೆಯೇ, ಆಯುಧ ತೋರಿಸಿದ್ದಾನೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಆಕೆ ಬಿಟ್ಟುಹೋಗಲು ಹೊರಟಿದ್ದಾಳೆಯೇ, ಕುತ್ತಿಗೆ ಹಿಸುಕಿದ್ದಾನೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ನಾನು ಹೇಳಿದ ಹೆಣ್ಣುಮಗಳ ವಿಷಯದಲ್ಲಿ ಇವುಗಳಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಮೂರು ಕಡೆಯವರೂ ತಮ್ಮ ಮಟ್ಟಿಗೆ ಕೆಲಸ ಮಾಡಿದ್ದರು. ಅಪಾಯ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಎಲೆನ್ ಪೆನ್ಸ್. ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ಪಟ್ಟಣದಲ್ಲಿ 1980ರ ದಶಕದ ಆರಂಭದಲ್ಲಿ ಅವರು ಮತ್ತು ಅವರ ಜೊತೆಗಾರರು ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಧೀಶರು, ಆಶ್ರಯ ಕೇಂದ್ರದವರು, ಎಲ್ಲರನ್ನೂ ಒಂದೇ ನಿಯಮದಡಿ ತಂದರು. ತುರ್ತು ಕರೆ ಬಂದಾಗ ಫೋನ್ ಎತ್ತಿದವರು ಏನು ಕೇಳಬೇಕು, ಸ್ಥಳಕ್ಕೆ ಹೋದ ಪೊಲೀಸ್ ಏನು ಬರೆದುಕೊಳ್ಳಬೇಕು, ಅದು ಮುಂದೆ ಯಾರಿಗೆ ಹೋಗಬೇಕು ಎಂದು ಬರಹದಲ್ಲೇ ನಿಗದಿ ಮಾಡಿದರು. ಪೆನ್ಸ್ ಆಮೇಲೆ ರೂಪಿಸಿದ ಸುರಕ್ಷತಾ ಪರಿಶೋಧನೆಯೂ ಹೀಗೇ ಒಂದು ಪ್ರಕರಣದ ಕಾಗದಗಳನ್ನು ಮೇಜಿನಿಂದ ಮೇಜಿಗೆ ಹಿಂಬಾಲಿಸುತ್ತದೆ. ಆಕೆ ಹೇಳಿದ ಯಾವ ಮಾತು ಎಲ್ಲಿ ಬಿಟ್ಟುಹೋಯಿತು, ನಮೂನೆಯಲ್ಲಿ ಯಾವ ಪ್ರಶ್ನೆ ಇಲ್ಲದ್ದರಿಂದ ಬಿಟ್ಟುಹೋಯಿತು ಅಂತ ಹುಡುಕುತ್ತದೆ. ತಪ್ಪಿತಸ್ಥ ಅಧಿಕಾರಿ ಯಾರು ಅನ್ನುವ ವಿಚಾರಣೆ ಅದಲ್ಲ. ಹಾಗಾಗಿಯೇ ಜನ ಬಾಯಿ ಬಿಡುತ್ತಾರೆ. ನಿಮ್ಮ ಸಭೆಯಲ್ಲೂ ಈ ಮಾತನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ಮಾದರಿ ಬ್ರಿಟನ್ನಿನದು. 2003ರಲ್ಲಿ ಕಾರ್ಡಿಫ್‌ನಲ್ಲಿ ಶುರುವಾಯಿತು. ಅಪಾಯ ತೀರಾ ಹೆಚ್ಚಿರುವ ಪ್ರಕರಣಗಳನ್ನಷ್ಟೇ ಸಭೆಗೆ ತರುತ್ತಾರೆ. ಒಂದೊಂದರ ಮೇಲೂ ಪೊಲೀಸ್, ಆರೋಗ್ಯ, ಮಕ್ಕಳ ರಕ್ಷಣೆ, ವಸತಿ ಇಲಾಖೆಯವರು ತಮಗೆ ಗೊತ್ತಿರುವುದನ್ನು ಹೇಳುತ್ತಾರೆ. ಆಕೆ ಸಭೆಗೆ ಬರಬೇಕಿಲ್ಲ. ಆಕೆಯ ಪರವಾಗಿ ಮಾತಾಡಲು ಇಲಾಖೆಗಳಿಗೆ ಸೇರದ ಒಬ್ಬ ಸಲಹೆಗಾರ್ತಿ ಇರುತ್ತಾರೆ. ಸಭೆ ಮುಗಿಯುವಾಗ ಕೆಲಸ ಹಂಚಿಕೆಯಾಗಿರುತ್ತದೆ. ಮನೆಯ ಬೀಗ ಬದಲಿಸುವವರು ಯಾರು, ಮಗುವನ್ನು ಯಾರ ಜೊತೆ ಕಳಿಸಬಾರದು ಎಂದು ಶಾಲೆಗೆ ತಿಳಿಸುವವರು ಯಾರು, ಆ ವಿಳಾಸದಿಂದ ಕರೆ ಬಂದರೆ ತಕ್ಷಣ ಹೊರಡಬೇಕು ಎಂದು ಕಂಟ್ರೋಲ್ ರೂಮಿನಲ್ಲಿ ಗುರುತು ಹಾಕಿಸುವವರು ಯಾರು, ಹೀಗೆ. ನಿಮ್ಮ ನಡಾವಳಿಯಲ್ಲೂ ಪ್ರತಿ ತೀರ್ಮಾನದ ಮುಂದೆ ಒಬ್ಬ ಅಧಿಕಾರಿಯ ಹೆಸರು, ಒಂದು ತಾರೀಕು ಬರೆಸಿ. ‘ಸಂಬಂಧಪಟ್ಟ ಇಲಾಖೆ ಕ್ರಮ ವಹಿಸುವುದು’ ಎಂದು ಬರೆದ ಕಡೆ ಏನೂ ಆಗುವುದಿಲ್ಲ. ಇದನ್ನು ನಾನು ಬಹಳ ಸಭೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಯಾರಾದರೂ ಅಂದರೆ, ಭಾರತದ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 11ನೇ ಸೆಕ್ಷನ್ ಓದಿ ಹೇಳಿ. ಕಾನೂನು, ಗೃಹ, ಆರೋಗ್ಯ ಮುಂತಾದ ಇಲಾಖೆಗಳ ನಡುವೆ ಪರಿಣಾಮಕಾರಿ ಸಮನ್ವಯ ಇರುವಂತೆ, ಅದರ ಪರಿಶೀಲನೆ ಆಗಾಗ ನಡೆಯುವಂತೆ ನೋಡಿಕೊಳ್ಳುವುದು ಸರ್ಕಾರಗಳ ಕರ್ತವ್ಯ ಎಂದು ಅದು ಹೇಳುತ್ತದೆ. ನಿಮ್ಮ ಸಮಿತಿ ಯಾರೋ ಮಾಡುವ ಉಪಕಾರ ಅಲ್ಲ, ಕಾನೂನಿನ ಕೆಲಸ.

ಪ್ರಶ್ನೆ: ಇಷ್ಟೆಲ್ಲ ಇಲಾಖೆ ಸೇರಿದ ಮೇಲೆ ಗಂಡ ಹೆಂಡತಿಯನ್ನು ಕೂರಿಸಿ ರಾಜಿ ಮಾಡಿಸಿಬಿಟ್ಟರೆ ಒಳ್ಳೆಯದಲ್ವಾ? ಸಂಸಾರವೂ ಉಳಿಯುತ್ತದೆ.
— ಹಿರಿಯ ಓದುಗರು

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ಆದರೆ ಹೊಡೆದವನ ಪಕ್ಕದಲ್ಲೇ ಕೂತು ಆಕೆ ಮನಸ್ಸು ಬಿಚ್ಚಿ ಮಾತಾಡುವುದು ಸಾಧ್ಯವಿಲ್ಲ. ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬ ಲೆಕ್ಕ ಆಕೆಯ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಯುರೋಪಿನ ದೇಶಗಳು 2011ರಲ್ಲಿ ಮಾಡಿಕೊಂಡ ಇಸ್ತಾಂಬುಲ್ ಒಪ್ಪಂದ, ಇಂಥ ಪ್ರಕರಣಗಳಲ್ಲಿ ಸಂಧಾನವನ್ನು ಕಡ್ಡಾಯ ಮಾಡಬಾರದು ಎಂದು 48ನೇ ವಿಧಿಯಲ್ಲಿ ನೇರವಾಗಿ ಹೇಳಿದೆ. ಆಕೆಯೇ ಬಯಸಿ, ಅಪಾಯ ಇಲ್ಲ ಎಂದು ಖಚಿತವಾದ ಮೇಲೆ ಮಾತುಕತೆಯಾದರೆ ಅದು ಬೇರೆ ವಿಷಯ. ಸಮಿತಿ ತಾನಾಗಿ ರಾಜಿಗೆ ಇಳಿಯಬಾರದು.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್. ಎಷ್ಟೋ ಹೆಂಗಸರು ನಿಜ ಹೇಳಿ, ಕೊನೆಗೆ “ಯಾರಿಗೂ ಹೇಳಬೇಡಿ ಸಿಸ್ಟರ್” ಅಂತ ಕೈ ಹಿಡಿದುಕೊಳ್ಳುತ್ತಾರೆ. ಎಲ್ಲ ಇಲಾಖೆಗೂ ಮಾಹಿತಿ ಹೋಗಬೇಕು ಅಂತೀರಿ. ನಾನು ಅವರ ನಂಬಿಕೆ ಮುರಿಯಬೇಕಾ?
— ಶುಶ್ರೂಷಕಿ

ಉತ್ತರ: ಮುರಿಯಬೇಡಿ ಸಿಸ್ಟರ್. ಮಾಹಿತಿ ಹಂಚಿಕೊಳ್ಳುವುದಕ್ಕೆ ಆಕೆಯ ಒಪ್ಪಿಗೆಯೇ ಮೊದಲ ಬಾಗಿಲು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸಂಗಾತಿಯ ಹಿಂಸೆಯನ್ನು ಆರೋಗ್ಯ ಸಿಬ್ಬಂದಿ ಕಡ್ಡಾಯವಾಗಿ ಪೊಲೀಸರಿಗೆ ತಿಳಿಸಬೇಕು ಎಂಬ ನಿಯಮವನ್ನು ಅದು ಶಿಫಾರಸು ಮಾಡುವುದಿಲ್ಲ. ದೂರು ಕೊಡುವ ಇಷ್ಟ ಆಕೆಗಿದ್ದರೆ ನೆರವಾಗಿ ಎನ್ನುತ್ತದೆ. ಕಾನೂನಿನ ಪ್ರಕಾರ ತಿಳಿಸಲೇಬೇಕಾದ ಸಂದರ್ಭಗಳೂ ಇರುತ್ತವೆ, ಮಗುವಿನ ಮೇಲೆ ಹಿಂಸೆಯಾದಾಗ ಮುಖ್ಯವಾಗಿ. ಅದನ್ನು ಆಕೆ ಮಾತು ಶುರುಮಾಡುವ ಮೊದಲೇ ಹೇಳಿ. “ಇಂಥದ್ದು ಹೇಳಿದರೆ ನಾನು ತಿಳಿಸಬೇಕಾಗುತ್ತದೆ, ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ” ಅಂದರೆ ಸಾಕು. ಆಮೇಲೆ ಗೊತ್ತಾದರೆ ಆಕೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ.

ಕೇಳುವಾಗ ಆಕೆ ಒಬ್ಬಳೇ ಇರಲಿ. ಗಂಡ ಬೇಡ, ಅತ್ತೆ ಬೇಡ, ತಾಯಿಯೂ ಬೇಡ. “ಜಾರಿ ಬಿದ್ದೆ” ಅಂದರೂ ನೀವು ನೋಡಿದ ಗಾಯ ಎಲ್ಲಿದೆ, ಎಷ್ಟು ದೊಡ್ಡದಿದೆ, ಯಾವ ಬಣ್ಣಕ್ಕೆ ತಿರುಗಿದೆ ಎಂದು ವಿವರವಾಗಿ ಬರೆದಿಡಿ. ಆಕೆ ನಿಜ ಹೇಳಿದರೆ ಆಕೆಯ ಮಾತನ್ನೇ ಬರೆಯಿರಿ. ಕುತ್ತಿಗೆ ಹಿಸುಕಿದ್ದ ಎಂದರೆ ಹೊರಗೆ ಗುರುತು ಕಾಣಲಿಲ್ಲವೆಂದು ಬಿಡಬೇಡಿ. ಎಷ್ಟೋ ಸಲ ಗುರುತೇ ಇರುವುದಿಲ್ಲ. ಧ್ವನಿ ಒಡೆದಿದೆಯೇ, ನುಂಗಲು ಕಷ್ಟವೇ, ಕಣ್ಣಲ್ಲಿ ಕೆಂಪು ಚುಕ್ಕಿ ಇದೆಯೇ ನೋಡಿ, ಡಾಕ್ಟರಿಗೆ ತೋರಿಸಿ. ಅಪಾಯ ಗಂಟೆಗಳು ಕಳೆದ ಮೇಲೂ ಬರಬಹುದು.

ಸಹಾಯವಾಣಿ ನಂಬರ್ ಕೊಡುವ ಮೊದಲು “ನಿಮ್ಮ ಫೋನ್ ಬೇರೆ ಯಾರಾದರೂ ನೋಡುತ್ತಾರಾ?” ಎಂದು ಕೇಳಿ. ಸ್ಪೇನ್‌ನಲ್ಲಿ 016 ಸಹಾಯವಾಣಿಗೆ ಮಾಡಿದ ಕರೆ ಫೋನ್ ಬಿಲ್ಲಿನಲ್ಲಿ ಕಾಣದ ಹಾಗೆ ವ್ಯವಸ್ಥೆ ಮಾಡಿದ್ದಾರೆ. ಫೋನ್ ಕಂಪನಿಗಳನ್ನೂ ಈ ಕೆಲಸದಲ್ಲಿ ಸೇರಿಸಿಕೊಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ. ಆದರೂ ಮೊಬೈಲಿನ ಕರೆಪಟ್ಟಿಯಲ್ಲಿ ನಂಬರ್ ಉಳಿದುಕೊಳ್ಳಬಹುದು. ಅದನ್ನು ಅಳಿಸುವುದು ಹೇಗೆ ಎಂದು ಆಕೆಗೆ ತೋರಿಸಿಕೊಡಿ.

ಪ್ರಶ್ನೆ: ಲಿಂಗ ಸಮಾನತೆ ಅಂದರೆ ಓದು, ಉದ್ಯೋಗ, ಸಂಬಳ. ಹಿಂಸೆ ತಡೆಯುವುದು ಪೊಲೀಸರ ಕೆಲಸ. ಎರಡನ್ನೂ ಒಂದೇ ಇಲಾಖೆಯ ತಲೆಗೆ ಕಟ್ಟಿದರೆ ಎರಡೂ ಕೆಡುವುದಿಲ್ವಾ?
— ಕಾಲೇಜು ವಿದ್ಯಾರ್ಥಿ

ಉತ್ತರ: ಒಂದು ಕಾಲದಲ್ಲಿ ಜಗತ್ತೂ ನಿಮ್ಮ ಹಾಗೆಯೇ ಎರಡನ್ನೂ ಬೇರೆ ಬೇರೆ ಇಟ್ಟಿತ್ತು. 1979ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಹಿಳಾ ತಾರತಮ್ಯ ನಿವಾರಣಾ ಒಡಂಬಡಿಕೆಯಲ್ಲಿ ಮಹಿಳೆಯರ ಮೇಲಿನ ಹಿಂಸೆಗೆಂದೇ ಒಂದು ವಿಧಿ ಇರಲಿಲ್ಲ. 1992ರಲ್ಲಿ ಅದರ ಸಮಿತಿ ತನ್ನ 19ನೇ ಸಾಮಾನ್ಯ ಶಿಫಾರಸಿನಲ್ಲಿ, ಈ ಹಿಂಸೆಯೂ ತಾರತಮ್ಯದ ಒಂದು ರೂಪ ಎಂದು ಬಿಡಿಸಿ ಹೇಳಿತು. ಕೆಲಸದ ಜಾಗದಲ್ಲಿ ಕಿರುಕುಳ ತಡೆಯಲು ನಮ್ಮ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಾಗ ಇದೇ ಒಡಂಬಡಿಕೆಯನ್ನು ಆಧಾರವಾಗಿ ಇಟ್ಟುಕೊಂಡಿತು.

ದುಡ್ಡಿನ ವಿಷಯಕ್ಕೆ ಬರೋಣ. ಆಕೆಯ ಕೈಗೆ ನಾಲ್ಕು ಕಾಸು ಬಂದರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ಅನೇಕರು ನಂಬುತ್ತಾರೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಹಳ್ಳಿಗಳಲ್ಲಿ ‘ಇಮೇಜ್’ ಎಂಬ ಅಧ್ಯಯನ ನಡೆಯಿತು. ಬಡ ಹೆಂಗಸರಿಗೆ ಕಿರುಸಾಲ ಕೊಟ್ಟರು. ಸಾಲದ ಗುಂಪಿನ ಸಭೆಯಲ್ಲೇ ಗಂಡು ಹೆಣ್ಣಿನ ಸಂಬಂಧ, ಹಿಂಸೆ, ಎಚ್‌ಐವಿ ಬಗ್ಗೆ ತರಬೇತಿಯೂ ನಡೆಯಿತು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡು ವರ್ಷದಲ್ಲಿ ಸಂಗಾತಿಯ ಹಿಂಸೆ ಶೇ. 55ರಷ್ಟು ತಗ್ಗಿತ್ತು. ಆಮೇಲೆ ಬರೀ ಸಾಲ ಸಿಕ್ಕ ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಅಲ್ಲಿ ಹಣಕಾಸಿನ ಸ್ಥಿತಿ ಸುಧಾರಿಸಿತ್ತು, ಹಿಂಸೆಯ ವಿಷಯದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಸಾಲ ಕೊಡುವವರೂ ಆರೋಗ್ಯದ ಕೆಲಸದವರೂ ಒಂದೇ ಸಭೆಗೆ ಬಂದದ್ದರಿಂದಲೇ ಇದು ಸಾಧ್ಯವಾಯಿತು. ಪೊಲೀಸರನ್ನೇ ನಂಬಿಕೊಂಡಿದ್ದರೆ ನಾವು ಪ್ರತಿ ಸಲ ಹೊಡೆತ ಬಿದ್ದ ಮೇಲೆಯೇ ತಲುಪುತ್ತೇವೆ.

ನಿಮ್ಮ ಭಯದಲ್ಲಿ ಒಂದು ನಿಜವೂ ಇದೆ. ಎಲ್ಲ ಕೆಲಸ ಒಂದು ಸಣ್ಣ ಇಲಾಖೆಗೆ ಹಾಕಿ, ಹಣವನ್ನೂ ಅಧಿಕಾರವನ್ನೂ ಕೊಡದಿದ್ದರೆ ಎರಡೂ ಕೆಡುತ್ತವೆ. ಮಹಿಳೆಯರ ವಿಷಯ ನೋಡಿಕೊಳ್ಳುವ ವ್ಯವಸ್ಥೆ ಸರ್ಕಾರದಲ್ಲಿ ಆದಷ್ಟೂ ಮೇಲಿನ ಹಂತದಲ್ಲಿ ಇರಬೇಕು ಎಂದು 1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ಹೇಳಿದ್ದು ಇದೇ ಕಾರಣಕ್ಕೆ. ಪೊಲೀಸ್ ಮುಖ್ಯಸ್ಥರನ್ನು ಸಭೆಗೆ ಕರೆಸುವ ಅಧಿಕಾರ ಇಲ್ಲದವರಿಂದ ಸಮನ್ವಯ ಆಗುವುದಿಲ್ಲ.

ಪ್ರಶ್ನೆ: ಅಕ್ಕ, ನನ್ನ ತಂಗಿಗೆ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕಿತ್ತು. ಆದರೂ ಭಾವ ಮನೆಗೆ ಬಂದು ಗಲಾಟೆ ಮಾಡಿದರು. ಠಾಣೆಗೆ ಹೋದರೆ “ಯಾವ ಆದೇಶ? ನಮಗೆ ಬಂದಿಲ್ಲ” ಅಂದರು. ಈಗ ಏನು ಮಾಡಲಿ?
— ಅಣ್ಣ

ಉತ್ತರ: ತಮ್ಮ, ನೀವು ತಂಗಿಯ ಜೊತೆ ಠಾಣೆಗೆ ಹೋದದ್ದು ಒಳ್ಳೆಯದಾಯಿತು. ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಆದೇಶದ ಪ್ರತಿಯನ್ನು ಎರಡೂ ಕಡೆಯವರಿಗೆ, ಸಂಬಂಧಪಟ್ಟ ಠಾಣೆಯ ಅಧಿಕಾರಿಗೆ, ಸೇವೆ ಒದಗಿಸುವ ಸಂಸ್ಥೆಗೆ ಉಚಿತವಾಗಿ ಕೊಡಬೇಕು. ಅದು ಠಾಣೆ ತಲುಪದೇ ಇದ್ದದ್ದು ನಿಮ್ಮ ತಂಗಿಯ ತಪ್ಪಲ್ಲ. ಆಸ್ಟ್ರಿಯಾದಲ್ಲಿ 1997ರಿಂದ ಹಿಂಸೆ ಮಾಡಿದವನನ್ನು ಪೊಲೀಸರೇ ಮನೆಯಿಂದ ಹೊರಗೆ ಹಾಕಬಹುದು. ಆ ವಿಷಯವನ್ನು ನೆರವು ಕೇಂದ್ರಕ್ಕೂ ಪೊಲೀಸರೇ ಮುಟ್ಟಿಸುತ್ತಾರೆ, ಕೇಂದ್ರದವರು ತಾವಾಗಿ ಆಕೆಯನ್ನು ಸಂಪರ್ಕಿಸುತ್ತಾರೆ. ಕಾಗದ ತಲುಪಿಸುವ ಭಾರ ಹೀಗೆ ಕಚೇರಿಗಳ ಮೇಲೇ ಇರಬೇಕು. ನಿಮ್ಮಲ್ಲಿ ಅದು ಸರಿಹೋಗುವವರೆಗೆ ಕಾಯುವುದು ಬೇಡ.

ಇವತ್ತೇ ಆದೇಶದ ದೃಢೀಕೃತ ಪ್ರತಿ ತೆಗೆದುಕೊಂಡು ತಂಗಿಯ ಜೊತೆ ಠಾಣೆಗೆ ಹೋಗಿ. ಕೊಟ್ಟದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಗೂ ಒಂದು ಕೊಡಿ, ಭಾವ ಬಂದ ದಿನ, ಹೊತ್ತು, ನೋಡಿದವರು ಯಾರು ಎಂದು ಬರೆದ ಅರ್ಜಿಯನ್ನೂ ಜೊತೆಗಿಡಿ. ರಕ್ಷಣಾ ಆದೇಶ ಮುರಿಯುವುದು 31ನೇ ಸೆಕ್ಷನ್ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಪ್ರಕರಣ ದಾಖಲಿಸಬಹುದು. ಇಷ್ಟಾದರೂ ಠಾಣೆಯವರು ಒಪ್ಪದಿದ್ದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ, ಹೆಣ್ಣುಮಕ್ಕಳಿಗೆ ಆ ನೆರವು ಉಚಿತ. ಆದೇಶದ ಮೊದಲ ಪುಟದ ಫೋಟೊ ತಂಗಿಯ ಫೋನಿನಲ್ಲಿ, ನಿಮ್ಮ ಫೋನಿನಲ್ಲಿ, ಪಕ್ಕದ ಮನೆಯ ನಂಬಿಕಸ್ಥರೊಬ್ಬರ ಫೋನಿನಲ್ಲಿ ಇರಲಿ. ರಾತ್ರಿ ಹೊತ್ತು 112ಕ್ಕೆ ಕರೆ ಮಾಡಬೇಕಾಗಿ ಬಂದರೆ, ಕೋರ್ಟಿನ ಆದೇಶ ಇದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಲಿ.